ಅತಿಯ ಅಳತೆ

‘ಬೇಡರ ಕಣ್ಣಪ್ಪ’ದಂತಹ ಹಳೆಯ ಚಿತ್ರ ದೂರದರ್ಶನದ ಪರದೆಯ ಮೇಲೆ ಬಂದರೆ ಮುಂಬಯಿಯ ಕನ್ನಡ ಮನೆಗಳಲ್ಲಿ ಮೊಮ್ಮಕ್ಕಳು ನಗುವುದುಂಟು. ‘ಎಷ್ಟು ಓವರ್ ಆಕ್ಟಿಂಗ್, ಅಜ್ಜೀ!’ ಎನ್ನುವುದೂ ಉಂಟು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವ ಅಜ್ಜಿಗೆ ಆ ನಗೆ ತನ್ನ ಕಣ್ಣೀರಿಗೇ ತಗುಲಿದಂತಾದರೆ ಆಶ್ಚರ್ಯವಿಲ್ಲ.

1954ರಲ್ಲಿ ತೆರೆಕಂಡ ಆ ಚಿತ್ರದ ನಾಯಕ ರಾಜಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಕಂಪನಿಯ ನಟ ಲೆಕ್ಕಕ್ಕಿಟ್ಟುಕೊಳ್ಳಬೇಕಾದದ್ದು ಕಟ್ಟಕಡೆಯ ಸಾಲಿನಲ್ಲಿ ಕುಳಿತ ಪ್ರೇಕ್ಷಕನನ್ನು. ಹುಬ್ಬಿನ ಕಿರುಚಲನೆ ಅವನಿಗೆ ಕಾಣದು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಪಿಸುಮಾತೂ ಅವನವರೆಗೆ ಹೋಗಿ ಮುಟ್ಟಬೇಕಿತ್ತು. ಅಂತೆಯೇ ಕೈ ಭುಜದಿಂದಲೇ ಏಳುತ್ತಿತ್ತು, ಕಂದಪದ್ಯದ ಕೊನೆಯ ಸ್ವರ ಚಪ್ಪರವನ್ನೇ ದಾಟುತ್ತಿತ್ತು.

ಭರತನಿಗೆ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು. ಮನುಷ್ಯರ ಪ್ರದರ್ಶನಕ್ಕೆ 64 ಮೊಳ ಉದ್ದ, 32 ಮೊಳ ಅಗಲದ ನಾಟ್ಯಮಂಟಪ ಸಾಕೆಂದು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಅದನ್ನು ಮೀರಿದರೆ ಮಾತಿನ ಸ್ವರ ಕೆಡುತ್ತದೆ, ಮುಖದ ಭಾವ ಮಸುಕಾಗುತ್ತದೆ ಎಂದು ಕಾರಣವನ್ನೂ ಕೊಡುತ್ತಾನೆ. ನಟನ ಮುಖಕ್ಕೂ ನೋಡುವವನ ಕಣ್ಣಿಗೂ ನಡುವಣ ದೂರವೇ ಅಭಿನಯದ ಅಳತೆಗೋಲೆಂಬುದು ಇದರ ತಾತ್ಪರ್ಯ. ಕ್ಲೋಸಪ್ ಆ ದೂರವನ್ನು ಒಂದು ಗೇಣಿಗಿಳಿಸಿತು. ರಂಗಭೂಮಿಯಿಂದ ಬಂದ ದೇಹ ಹಳೆಯ ಅಳತೆಯನ್ನು ಮರೆಯಲು ಕೆಲವು ಕಾಲ ಹಿಡಿಯಿತು, ಅಷ್ಟೆ. ಅದೇ ರಾಜಕುಮಾರ್ 1971ರ ‘ಕಸ್ತೂರಿ ನಿವಾಸ’ದಲ್ಲಿ, ಕೊಡಲು ಏನೂ ಉಳಿಯದ ದಾನಿಯ ಸಂಕಟವನ್ನು ಬಹುಪಾಲು ಮೌನದಿಂದಲೇ ತೋರಿದರು. ‘ಅತಿ’ ಎಂಬ ಮುದ್ರೆಯೊತ್ತಿ ಒಂದು ಪರಂಪರೆಯನ್ನೇ ತಳ್ಳಿಹಾಕುವವರು ಈ ಎರಡು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಬೇಕು.

ಇಂದಿನ ಧಾರಾವಾಹಿಗಳಿಗೆ ಈ ವಿನಾಯಿತಿಯೂ ಸಲ್ಲದು. ಅಲ್ಲಿ ಕ್ಯಾಮರಾ ಮೂಗಿನ ತುದಿಯಲ್ಲೇ ಇದೆ. ಆದರೂ ಅತ್ತೆ ಒಂದು ಮಾತಾಡಿದೊಡನೆ ಸೊಸೆಯ ಮುಖವನ್ನು ಮೂರು ಸಲ ತೋರಿಸಿ, ಮೂರು ಸಲವೂ ಗುಡುಗಿಸುತ್ತಾರೆ. ನಟಿ, ಪಾಪ, ಕಣ್ಣರಳಿಸಿ ನಿಂತಿರುತ್ತಾಳೆ. ಅತಿಯೆಲ್ಲ ಸಂಕಲನಕಾರನ ಮೇಜಿನ ಮೇಲೆ ನಡೆದದ್ದು. ಇದೇ ಕಿರುತೆರೆಗಾಗಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ 1987ರಲ್ಲಿ ಪ್ರಸಾರವಾಯಿತು. ಹಿಂದಿಯಲ್ಲಿ ಮಾತಾಡಿದ ಆ ಕನ್ನಡ ನಟರನ್ನು ದೇಶವೆಲ್ಲ ನೋಡಿತು. ಅಲ್ಲಿನ ನಗೆಗಾಗಲಿ ಅಳಲಿಗಾಗಲಿ ಗುಡುಗಿನ ನೆರವು ಬೇಕಾಗಲಿಲ್ಲ.

ಸಂಜೆಯ ಧಾರಾವಾಹಿ ಗುಡುಗುವಾಗ ಅಜ್ಜಿ ಸೊಪ್ಪು ಬಿಡಿಸುತ್ತಲೇ ಇರುತ್ತಾಳೆ, ತಲೆಯೆತ್ತುವುದಿಲ್ಲ. ಕಣ್ಣಪ್ಪ ಬಾಣವನ್ನು ಕಣ್ಣಿನ ಬಳಿಗೆ ತಂದಾಗ ಮಾತ್ರ ಅವಳ ಕೈ ನಿಲ್ಲುತ್ತದೆ.