ಮಳೆಗಾಲದಲ್ಲಿ ಹಣ್ಣಾಗುವ ಹುಳಿ

ನಮ್ಮ ಶಿರಾ ಸೀಮೆಯಲ್ಲಿ ಹುಳಿ ಅಂದರೆ ಹುಣಸೆ. ರಸ್ತೆ ಬದಿಗೆ ಹುಣಸೆ, ಹೊಲದ ಬದುವಿಗೆ ಹುಣಸೆ. ಬಿಸಿಲೇರಿದ ಮೇಲೆ ಮರ ಬಡಿದು, ಅಂಗಳದಲ್ಲಿ ಹರವಿ, ಕುಟ್ಟಿ ಬೀಜ ತೆಗೆದು, ಉಪ್ಪು ಬೆರೆಸಿ ಮಡಕೆಗೆ ತುಂಬಿಟ್ಟರೆ ವರ್ಷದ ಚಿಂತೆ ಮುಗಿಯಿತು. ಇದಕ್ಕೆಲ್ಲ ಬಿಸಿಲು ಬೇಕು. ಹಾಗಾದರೆ ತಿಂಗಳುಗಟ್ಟಲೆ ಮಳೆ ಬಿಡದ ಮಲೆನಾಡಿನಲ್ಲಿ ಸಾರಿಗೆ ಹುಳಿ ಎಲ್ಲಿಂದ ಬರುತ್ತದೆ? ಹೋದ ಜುಲೈನಲ್ಲಿ ಆರನೇ ತರಗತಿಯ ಮೊಮ್ಮಗನನ್ನು ಕರೆದುಕೊಂಡು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿಗೆ ಹೋಗಿದ್ದೆ. ಈ ಪ್ರಶ್ನೆ ಕೇಳಿದವನು ಅವನೇ.

ತುಮಕೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಹಳಿ ಅಲ್ಲಿಗೆ ಮುಗಿಯುತ್ತದೆ. ಮೊಮ್ಮಗ ಇಳಿದವನೇ ಹಳಿಯ ಕೊನೆ ನೋಡಬೇಕೆಂದು ಮಳೆಯಲ್ಲೇ ಓಡಿದ! ಅಲ್ಲಿಂದ ಹೊನ್ನಾವರದ ಬಸ್ಸು ಹತ್ತಿ ಮಾವಿನಗುಂಡಿಯ ಆಚೆ ಇಳಿದೆವು. ನನ್ನ ಜೊತೆ ಟಿ.ಸಿ.ಎಚ್. ಓದಿ, ಮೂವತ್ತು ವರ್ಷ ಅದೇ ಸೀಮೆಯಲ್ಲಿ ಮೇಷ್ಟ್ರಿಕೆ ಮಾಡಿ ನಿವೃತ್ತಳಾದ ಗೆಳತಿ ಕೊಡೆ ಹಿಡಿದು ನಿಂತಿದ್ದಳು.

ಮನೆ ಮೆಟ್ಟಿಲು ಹತ್ತುತ್ತಿದ್ದಂತೆ ಅವಳ ಅತ್ತೆ, ಎಂಬತ್ತು ದಾಟಿದ ಅಜ್ಜಿ, "ಆಸ್ರಿಗೆ ಎಂತ ಬೇಕು?" ಎಂದರು. ಮೊಮ್ಮಗ ನನ್ನ ಮುಖ ನೋಡಿದ. ದಣಿದು ಬಂದವರಿಗೆ ಕುಡಿಯಲು ಏನು ಕೊಡಲಿ ಎಂದು ಕೇಳುವ ಮಾತದು. ಬಂದದ್ದು ಕೆಂಪು ಬಣ್ಣದ ಪಾನಕ. ಮುರುಗಲು ಹಣ್ಣಿನದು. ಕರಾವಳಿಯಲ್ಲಿ ಇದನ್ನೇ ಪುನರ್ಪುಳಿ ಅನ್ನುತ್ತಾರೆ. ಮುರುಗಲು ಮಳೆಗೆ ಮೊದಲೇ ಹಣ್ಣಾಗುತ್ತದೆ. ಸಿಪ್ಪೆಯನ್ನು ಬೇಸಿಗೆಯ ಬಿಸಿಲಿಗೇ ಒಣಗಿಸಿಟ್ಟುಕೊಂಡರೆ ಆಯಿತು.

ಮಧ್ಯಾಹ್ನದ ಸಾರಿನ ಹುಳಿ ಬೇರೆ. ಅದು ವಾಟೆಕಾಯಿಯದು. ವಾಟೆ ಹಲಸಿನ ಜಾತಿಯ ಕಾಡುಮರ. ಕಾಯನ್ನು ಹೆಚ್ಚಿ ಒಣಗಿಸಿ ಡಬ್ಬಿಗೆ ಹಾಕಿಟ್ಟಿದ್ದರು. ಉಪ್ಪಿನಕಾಯಿಗೆ ಹೊಳೆದಂಡೆಯ ಅಪ್ಪೆಮಿಡಿ. ನಮ್ಮಲ್ಲಿ ಒಂದೇ ಹುಳಿ, ಇವರಲ್ಲಿ ಅಡುಗೆಗೊಂದು ಹುಳಿ! ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಅನ್ನಿ.

ಆದರೆ ಒಲೆಯ ಮೇಲಿನ ಅಟ್ಟದಿಂದ ಗೆಳತಿ ಇಳಿಸಿದ ಇನ್ನೊಂದು ಡಬ್ಬಿಯಲ್ಲಿದ್ದದ್ದು ಇವೆಲ್ಲಕ್ಕಿಂತ ಹುಳಿ. ಇದ್ದಿಲಿನಂತೆ ಕಪ್ಪು, ಹಳೇ ಚಪ್ಪಲಿಯ ತುಂಡಿನಂತೆ ಸುರುಟಿಕೊಂಡ ಸಿಪ್ಪೆ, ಹೊಗೆಯ ವಾಸನೆ. ಮೊಮ್ಮಗ ಚೂರು ಬಾಯಿಗೆ ಹಾಕಿಕೊಂಡು ಒಂದು ಕಣ್ಣು ಮುಚ್ಚಿದವನು ಎಷ್ಟೋ ಹೊತ್ತು ತೆರೆಯಲಿಲ್ಲ.

"ಇದು ಉಪ್ಪಾಗೆ. ಸುರಿಯೋ ಮಳೇಲೇ ಹಣ್ಣಾಗೋದು. ಈಗ ಅದರದೇ ಸುಗ್ಗಿ. ನಾಳೆ ಕಾಡಿಗೆ ಹೋಗೋಣ," ಎಂದಳು ಗೆಳತಿ.

ಮರುದಿನ ನಮ್ಮನ್ನು ಕರೆದೊಯ್ದವರು ಕೆಳಗಿನ ಕೇರಿಯ ಒಬ್ಬ ಹೆಂಗಸು. ಗೆಳತಿಗಿಂತ ಚಿಕ್ಕವರು, ಅವಳ ಹತ್ತಿರವೇ ಓದಿದವರಂತೆ. ಹಾಗಾಗಿ ಅವಳನ್ನು "ಅಕ್ಕೋರೇ" ಎಂದೇ ಕರೆಯುತ್ತಿದ್ದರು. ಹೊರಡುವ ಮೊದಲು ನಮ್ಮ ಕಾಲಿಗೆಲ್ಲ ಹೊಗೆಸೊಪ್ಪು, ಸುಣ್ಣ ತಿಕ್ಕಿದರು. ಉಂಬಳಗಳಿಗೆ ಅಷ್ಟು ಸಾಲಲಿಲ್ಲ. ಮೊಮ್ಮಗ ಕಾಡಿನಿಂದ ಹೊರಬರುವವರೆಗೆ ಹನ್ನೊಂದು ಎಣಿಸಿದ. ನನ್ನ ಲೆಕ್ಕ ನಾನು ಹೇಳುವುದಿಲ್ಲ.

ಉಪ್ಪಾಗೆ ಮರ ಬಲು ದೊಡ್ಡದೇನಲ್ಲ. ಕಡುಹಸಿರು, ಮಿರಿಮಿರಿ ಎಲೆ. ಕೊಂಬೆಗಳು ಅಡ್ಡಡ್ಡ ಚಾಚಿ ತುದಿ ಜೋತು ಬಿದ್ದಿರುತ್ತವೆ. ಹಣ್ಣೋ, ಯಾರೋ ಬೊಂಬೆ ಮನೆಗೆಂದು ಮಾಡಿಕೊಟ್ಟ ಪುಟ್ಟ ಕುಂಬಳಕಾಯಿ! ಉದ್ದುದ್ದ ಗೆರೆ ಬಿದ್ದ ಹಳದಿ ಹಣ್ಣು. ಸೀಳಿದರೆ ಒಳಗೆ ಬಿಳಿ ತಿರುಳು ಮೆತ್ತಿದ ಆರೆಂಟು ಬೀಜ. ತಿರುಳು ಹುಳಿಸಿಹಿ, ತಿನ್ನಬಹುದು. ಅಡುಗೆಗೆ ಬೇಕಾದದ್ದು ದಪ್ಪ ಸಿಪ್ಪೆ.

"ಬಿದ್ದ ಹಣ್ಣು ಹೆಕ್ಕಬೇಕು ಮಗಾ. ನಮ್ಮ ಅಬ್ಬೆ ಕಾಲದಲ್ಲಿ ಹಾಗೇ. ಬೆಳಿಗ್ಗೆ ಎದ್ದು ಬುಟ್ಟಿ ಹಿಡ್ಕೊಂಡು ಬಂದ್ರೆ ಮರದ ಬುಡಕ್ಕೆಲ್ಲ ಹಳದಿ," ಎಂದು ಆಕೆ ಹೇಳುತ್ತಲೇ ತರಗೆಲೆ ಸರಿಸಿ ಹೆಕ್ಕತೊಡಗಿದರು. ನಾವೂ ಬಗ್ಗಿದೆವು. ಅರ್ಧ ಗಂಟೆಯಲ್ಲಿ ನನ್ನ ಸೊಂಟ ಹಿಡಿಯಿತು. ಅವರ ಬುಟ್ಟಿ ಆಗಲೇ ತುಂಬಿತ್ತು.

ಕೆಲವು ಹಣ್ಣುಗಳನ್ನು ಯಾರೋ ಅರ್ಧ ಕಚ್ಚಿ ಬೀಜ ಚೀಪಿ ಎಸೆದಿದ್ದರು. ಯಾರು ಎಂದು ಮೊಮ್ಮಗ ತಲೆಯೆತ್ತಿದ. ಆಕೆ ಬೆರಳನ್ನು ತುಟಿಗಿಟ್ಟು ಮೇಲೆ ತೋರಿಸಿದರು. ಎಲೆಗಳ ನಡುವೆ ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಸಿಂಗಳೀಕ! ಮಕ್ಕಳೇ, ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಸಿಂಗಳೀಕ ಇಲ್ಲ. ನಮ್ಮೂರ ಕೋತಿಗಳ ಹಾಗೆ ಅದು ನೆಲಕ್ಕಿಳಿದು ಬಾಳೆಹಣ್ಣು ಕಸಿಯುವುದಿಲ್ಲ. ಮರದಿಂದ ಮರಕ್ಕೇ ಅದರ ಸಂಸಾರ. ಈ ಅಘನಾಶಿನಿ ಕಣಿವೆಯನ್ನು 2011ರಲ್ಲಿ ಸರ್ಕಾರ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಹಾಗೆಂದು ಜನರನ್ನು ಎಬ್ಬಿಸಲಿಲ್ಲ. ಅವರೂ ಇದ್ದಾರೆ, ಅವೂ ಇವೆ. ಮಳೆಗಾಲದಲ್ಲಿ ಇಬ್ಬರಿಗೂ ಬೇಕಾದದ್ದು ಇದೇ ಹಣ್ಣು.

ಹಣ್ಣು ಹೆಕ್ಕಿದ ಮೇಲೆ ಅಸಲು ಕೆಲಸ. ಆಕೆಯ ಮನೆಯ ಹಿಂದೆ ತಗಡು ಹೊದಿಸಿದ ಕೊಟ್ಟಿಗೆ. ನಡುವೆ ಉದ್ದದ ಒಲೆ, ಎದೆಯೆತ್ತರದಲ್ಲಿ ತಂತಿಬಲೆಯ ಅಟ್ಟ. ಗಂಡ, ಹೆಂಡತಿ, ಅತ್ತೆ ಮೂವರೂ ಕುಳಿತು ಹಣ್ಣು ಸೀಳಿ, ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ ಮಾಡುತ್ತಿದ್ದರು. ಆಮೇಲೆ ಸಿಪ್ಪೆಯನ್ನು ಅಟ್ಟದ ಮೇಲೆ ಹರವಿ ಕೆಳಗೆ ಬೆಂಕಿ. ಹಾಗೇ ಬಿಟ್ಟರೆ ಈ ತೇವಕ್ಕೆ ಬೂಸು ಹಿಡಿದು ಕೊಳೆಯುತ್ತದೆ. ರಾತ್ರಿ ಎರಡು ಸಲ ಎದ್ದು ಮಗುಚಬೇಕು, ಬೆಂಕಿ ಆರಬಾರದು, ಉರಿಯೂ ಹೆಚ್ಚಾಗಬಾರದು. ಹೊಗೆಗೆ ನಮ್ಮ ಕಣ್ಣು ಧಾರಾಕಾರ. ಅವರಿಗೆ ಏನೂ ಆಗಿಲ್ಲವೇನೋ ಅಂದುಕೊಂಡೆ. ಆಕೆ ಮುಂಗೈಯಿಂದ ಕಣ್ಣೊರೆಸಿಕೊಂಡಾಗ ರೆಪ್ಪೆಯಂಚು ಕೆಂಪಾಗಿದ್ದದ್ದು ಕಂಡಿತು.

ಸೌದೆಯೂ ಸಿಕ್ಕಾಪಟ್ಟೆ ಬೇಕು. ಅದೂ ಕಾಡಿನದೇ. ಬೆಂಕಿಯನ್ನು ಮುಚ್ಚಿಟ್ಟು ಬಿಸಿಗಾಳಿಯನ್ನಷ್ಟೇ ಮೇಲಕ್ಕೆ ಬಿಡುವ ಸುಧಾರಿತ ಒಲೆಗಳು ಈ ಕಡೆ ಕೆಲವು ಮನೆಗಳಿಗೆ ಬಂದಿವೆ. ಸೌದೆ ಉಳಿಯುತ್ತದೆ, ಹೊಗೆ ಕಣ್ಣಿಗೆ ಬರುವುದಿಲ್ಲ. ಇವರ ಮನೆಗೆ ಇನ್ನೂ ಬಂದಿಲ್ಲ.

ಇಷ್ಟು ಕಷ್ಟಪಟ್ಟು ಒಣಗಿಸಿದ ಸಿಪ್ಪೆ ಎಲ್ಲಿಗೆ ಹೋಗುತ್ತದೆ? ಹಿಂದಿನಿಂದಲೂ ಗಿರಾಕಿ ಕೇರಳದವರು. ಅಲ್ಲಿ ಇದರ ಹೆಸರು ಕುಡಂಪುಳಿ, ಮೀನಿನ ಸಾರಿಗೆ ಇದಿಲ್ಲದೆ ಆಗದು. ಕೊಡಗಿನಲ್ಲಿ ಇದೇ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಗಟ್ಟಿಯಾದ ಕಪ್ಪು ಕಾಚಂಪುಳಿ ಮಾಡಿ ಸೀಸೆಯಲ್ಲಿಡುತ್ತಾರೆ. ಶ್ರೀಲಂಕಾದಲ್ಲಿ ಇದು ಗೊರಕ. ಅಲ್ಲಿಯವರೆಗೆ ಇದು ಅಡುಗೆಮನೆಯ ಮಾತು.

ಅಡುಗೆಮನೆ ದಾಟಿದ ಕಥೆಗೆ ನಮ್ಮ ಮೈಸೂರಿನ ನಂಟಿದೆ. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಈ ಹಣ್ಣಿನ ಮುಖ್ಯ ಹುಳಿ ಯಾವುದೆಂದು ಗುರುತಿಸಿದರು. ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅದರ ಹೆಸರು. ಮುಂದೆ ಈ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಸುದ್ದಿ ಹಬ್ಬಿತು. 1990ರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಇದರ ಮಾತ್ರೆಗಳು ತುಂಬಿದವು. ಸಿದ್ದಾಪುರ, ಶಿರಸಿಯ ಕಾಡಿನಲ್ಲಿ ಬಿದ್ದಿದ್ದ ಹಣ್ಣಿಗೆ ಬೆಲೆಯೋ ಬೆಲೆ. 1998ರಲ್ಲಿ ಅಮೆರಿಕದಲ್ಲೇ 135 ಜನರ ಮೇಲೆ ಪರೀಕ್ಷೆ ಮಾಡಿ ನೋಡಿದರು. ಆಮ್ಲ ತೆಗೆದುಕೊಂಡವರಿಗೂ ಸುಮ್ಮನೆ ಹುಸಿ ಮಾತ್ರೆ ನುಂಗಿದವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂಥ ಮಾತ್ರೆಗಳಿಂದ ಯಕೃತ್ತಿಗೆ ತೊಂದರೆಯಾದದ್ದೂ ವರದಿಯಾಗಿದೆ. ಅಜ್ಜ ಅಜ್ಜಿಯಂದಿರು ಇದನ್ನು ನೆನಪಿಟ್ಟುಕೊಳ್ಳಿ. ಸಾರಿಗೆ ಎರಡು ಚೂರು ಹಾಕುವುದೇ ಬೇರೆ, ಡಬ್ಬಿಗಟ್ಟಲೆ ಮಾತ್ರೆ ನುಂಗುವುದೇ ಬೇರೆ.

ಅಷ್ಟಾದರೂ ಮಾತ್ರೆ ವ್ಯಾಪಾರ ನಿಲ್ಲಲಿಲ್ಲ. "ಒಂದು ವರ್ಷ ಏರ್ತದೆ, ಮರುವರ್ಷ ಕೇಳೋರೇ ಇಲ್ಲ. ಎಂತಕ್ಕೆ ಏರ್ತು, ಎಂತಕ್ಕೆ ಇಳೀತು ನಮಗೆ ಯಾರೂ ಹೇಳೂದಿಲ್ಲ," ಎಂದರು ಆಕೆಯ ಗಂಡ. ಅಡಿಕೆ ತೋಟ ಇರುವವರಿಗೆ ಇದು ಮೇಲ್ಸಂಪಾದನೆ. ಇವರಿಗಿರುವುದು ತುಂಡು ಗದ್ದೆ. ನಾಟಿ ಕೂಲಿ ಮುಗಿದ ಮೇಲೆ ಚೌತಿಯವರೆಗೆ ಕೈಗೆ ಕಾಸು ಬರುವುದು ಉಪ್ಪಾಗೆಯಿಂದಲೇ. ಮಗಳ ಕಾಲೇಜಿನ ಫೀಸು ಕಟ್ಟಿದ್ದೂ ಇದರಿಂದಲೇ ಎಂದು ಅಟ್ಟದ ಮೇಲಿನ ಸಿಪ್ಪೆ ತೋರಿಸಿದರು.

ಬೆಲೆ ಬಂದದ್ದೇ ಇನ್ನೊಂದು ತಾಪತ್ರಯಕ್ಕೂ ದಾರಿಯಾಯಿತು. ಬೀಳುವವರೆಗೆ ಕಾಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಕಾಡಿನ ಮರ ಯಾರದು? ಮೊದಲು ಹೋದವರದು. ಹಾಗಾಗಿ ಕಾಯಿ ಹಸಿರಿರುವಾಗಲೇ ಗಳ ಹಿಡಿದು ಬಡಿಯುವುದು, ಕೈಗೆಟುಕದಿದ್ದರೆ ಕೊಂಬೆಯನ್ನೇ ಕಡಿದು ಕೆಡವುವುದು ಶುರುವಾಯಿತು. ಎಳೆಕಾಯಿಯ ಸಿಪ್ಪೆ ತೆಳು, ಒಣಗಿದರೆ ತೂಕ ಬರದು. ಬೀಜ ಬಲಿತಿರುವುದಿಲ್ಲ, ಮೊಳೆಯುವುದಿಲ್ಲ. ಸಿಂಗಳೀಕಕ್ಕೆ ಹಣ್ಣಿಲ್ಲ. ಕಡಿದ ಕೊಂಬೆಯಲ್ಲಿ ಮುಂದಿನ ವರ್ಷ ಫಲವೂ ಇಲ್ಲ.

ಈ ಕೇರಿಯ ಮನೆಗಳವರು ಕೂತು ಮಾತಾಡಿಕೊಂಡಿದ್ದಾರೆ. ಹಳದಿಯಾಗುವ ತನಕ ಯಾರೂ ಗಳ ಮುಟ್ಟುವಂತಿಲ್ಲ. ನಾವು ಹೆಕ್ಕಿದ್ದು ಆ ಮರಗಳ ಕೆಳಗೆ. ಆದರೆ ಹಳ್ಳದ ಆಚೆ ದಡದ ಮರಗಳನ್ನೂ ಆಕೆ ತೋರಿಸಿದ್ದರು. ಎರಡು ಮರಗಳ ಕೆಳಕೊಂಬೆಗಳೆಲ್ಲ ಬೋಳು. ಮುರಿದ ಜಾಗದಲ್ಲಿ ಹಳದಿ ಅಂಟು ಒಸರಿ ಮಳೆಗೆ ಇಳಿಯುತ್ತಿತ್ತು.

"ಅವರಿಗೆ ಹೇಳೋಕಾಗಲ್ವಾ?" ಎಂದು ಮೊಮ್ಮಗ ಕೇಳಿದ.

"ಹೇಳಿದ್ವಿ ಮಗಾ. ನೀವು ಕೊಯ್ಯೂದಿಲ್ಲ ಅಂತ ನಮಗೆ ಹೆಂಗೆ ಗೊತ್ತು ಅಂದ್ರು."

"ನೀವು ಕೊಯ್ಯಲ್ವಲ್ಲ?"

"ಈ ವರ್ಷ ಇಲ್ಲ," ಎಂದು ಆಕೆ ಹಳ್ಳದ ಕಡೆ ನೋಡಿದರು. "ಅವರೇ ಎಲ್ಲ ಒಯ್ದ್ರೆ ಮುಂದಿನ ವರ್ಷ ಕೇರಿಯವರು ಸುಮ್ನಿರ್ತ್ರಾ?"

ಅದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ, ಮೂವತ್ತು ವರ್ಷ ಪಾಠ ಮಾಡಿದ ಗೆಳತಿಯ ಹತ್ತಿರವೂ ಇರಲಿಲ್ಲ.

ಗೆಳತಿ ತನ್ನ ಹಿತ್ತಿಲಲ್ಲಿ ನಾಲ್ಕು ಕಸಿ ಗಿಡ ನೆಟ್ಟಿದ್ದಾಳೆ. ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿದರೆ ಮೊಳೆಯಲು ತಿಂಗಳುಗಟ್ಟಲೆ ಬೇಕು, ಫಲ ಬರಲು ಹತ್ತು ಹನ್ನೆರಡು ವರ್ಷ. ಅಷ್ಟು ಕಾದ ಮೇಲೆ ಅದು ಗಂಡೆಂದು ತಿಳಿದರೆ! ಹಣ್ಣು ಬಿಡುವ ಮರದ ಕಡ್ಡಿ ತಂದು ಕಸಿ ಕಟ್ಟಿದರೆ ಆ ಅನುಮಾನವಿಲ್ಲ, ಬೇಗ ಕಾಯೂ ಬಿಡುತ್ತದೆ. ಜಾಗ ಇದ್ದವರಿಗೆ ಇದು ಒಳ್ಳೆಯ ದಾರಿ. ಕೇರಿಯ ಬಹಳ ಮನೆಗಳಿಗೆ ಅಂಥ ಹಿತ್ತಿಲಿಲ್ಲ.

ಸಂಜೆ ಅಜ್ಜಿ ನನ್ನ ಒಡೆದ ಹಿಮ್ಮಡಿ ನೋಡಿ ಒಳಗಿನಿಂದ ಭರಣಿ ತಂದರು. ಉಪ್ಪಾಗೆ ತುಪ್ಪ. ಹಸುವಿಗೂ ಅದಕ್ಕೂ ಸಂಬಂಧವಿಲ್ಲ, ಬೀಜದ ಜಿಡ್ಡು ಅದು. ಬೀಜ ಒಣಗಿಸಿ, ಪುಡಿ ಮಾಡಿ, ನೀರಿನಲ್ಲಿ ಕುದಿಸುತ್ತಾರೆ. ಜಿಡ್ಡು ಮೇಲೆ ತೇಲುತ್ತದೆ. ಸೌಟಿನಲ್ಲಿ ತೆಗೆದು ಆರಿಸಿದರೆ ಗಟ್ಟಿ. ದೋಸೆ ಕಾವಲಿಗೂ ಹಾಕುತ್ತಾರೆ, ಒಡೆದ ಕಾಲಿಗೂ ಹಚ್ಚುತ್ತಾರೆ. ಕಾಲು ತೊಳೆದು ಒರೆಸಿ, ಸ್ವಲ್ಪ ಬಿಸಿ ಮಾಡಿ ಹಚ್ಚಿಕೊಂಡು ಮಲಗಬೇಕಂತೆ.

ಭರಣಿಯಲ್ಲಿ ತಳದ ಎರಡು ಬೆರಳಷ್ಟೇ ಉಳಿದಿತ್ತು. ಮೊದಲೆಲ್ಲ ಮುಂದಿನ ಮಳೆಗಾಲದ ತನಕ ಅರ್ಧ ಭರಣಿ ಇರುತ್ತಿತ್ತು ಎಂದರು ಅಜ್ಜಿ. "ಹೋದ ವರ್ಷ ಪ್ಯಾಟೆಂದ ತರಿಸಿದ ಬೀಜ. ಎಳೆಕಾಯಿ ಬೀಜ ಕುದಿಸಿದ್ರೆ ತುಪ್ಪ ಎಲ್ಲಿಂದ ಬತ್ತು?"

ಆ ಎರಡು ಬೆರಳಲ್ಲೇ ಒಂದಷ್ಟು ಕೆರೆದು ಬಾಳೆಲೆಗೆ ಹಾಕಿ ನನ್ನ ಕೈಗಿಟ್ಟರು. ಬೇಡವೆಂದರೂ ಕೇಳಲಿಲ್ಲ. ಕೇರಿಯ ಆ ಹೆಂಗಸು ಕತ್ತಲಾಗುವ ಹೊತ್ತಿಗೆ ಈ ವರ್ಷದ ಹಳದಿ ಹಣ್ಣಿನ ಬೀಜ ಒಂದು ಬುಟ್ಟಿ ತಂದು ಜಗಲಿಯ ಮೇಲಿಟ್ಟು, ಬೆಂಕಿ ಆರುತ್ತದೆ ಎಂದು ನಿಲ್ಲದೆ ಹೋದರು.