ಪಡಸಾಲೆಯ ಸನಾದಿ

ಯಲಬುರ್ಗಾ, ಕುಷ್ಟಗಿಯ ಸೀಮೆಯಲ್ಲಿ ಕರಡಿಮಜಲೆಂದರೆ ಪರಸ್ಥಳದವರು ಕರಡಿಯನ್ನು ಹುಡುಕಿಯಾರು! ಕರಡಿಯೆಂಬುದು ಕೊರಳಿಗೆ ತೂಗಹಾಕಿ ಬಾರಿಸುವ ದೊಡ್ಡ ಚರ್ಮವಾದ್ಯ. ಸನಾದಿಯು ಅದರ ಜೊತೆಗಾರ. ಪಶ್ಚಿಮದವರ ಬಸೂನಿನಂತೆ ಸನಾದಿಗೂ ಜೋಡಿಪೀಪಿಯೇ ಜೀವ. ಅದು ಮಂದ್ರದಲ್ಲಿ ಗುನುಗಿದರೆ ಇದು ತಾರದಲ್ಲಿ ಕೂಗುವುದು. ಆದಕಾರಣ ಇವು ಬೀದಿಯ ವಾದ್ಯಗಳೆಂದು ನಾವು ಹೇಳಿಕೊಂಡು ಬಂದೆವು. ನಿಜವಾದ ಕಾರಣವು ಬೇರೆ. 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಕೇಳಿ ನಾಡೆಲ್ಲ ತಲೆದೂಗಿತ್ತು. ಮರುವರುಷ ನನ್ನ ತಂಗಿಯ ಲಗ್ನ. ಸನಾದಿಯಿಲ್ಲದೆ ಅಕ್ಷತೆ ಬೀಳಲಿಲ್ಲ. ವಾದಕರಿಗೆ ಎಲೆ ಹಾಕಿದುದು ಮಾತ್ರ ದನದ ಕೊಟ್ಟಿಗೆಯ ಬಳಿಯಲ್ಲಿ. ಬಡಿಸಿದವನು ನಾನೇ.

ಹೋದ ಶ್ರಾವಣದಲ್ಲಿ ಆ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮಳೆ ಹಿಡಿಯಿತು. ವಾದಕರನ್ನು ಒಳಗೆ ಕರೆದೆನು. “ಇಲ್ಲೇ ಚಲೋ ಐತ್ರೀ, ಗೌಡ್ರ” ಎಂದು ಮುದುಕನು ಹೊಸ್ತಿಲಾಚೆಯೇ ನಿಂತನು. ಬಹಳ ಹೇಳಿದ ಮೇಲೆ ಕಂಬಳಿಯ ಮೇಲೆ ಕುಳಿತರು. ಕರಡಿಯವನು ವಾದ್ಯಕ್ಕೆ ಶಲ್ಯ ಹೊದಿಸಿ ಬೆರಳುಗಳಿಂದ ಮಿಡಿದನು; ಮುದುಕನು ಮಂದವಾಗಿ ಊದಿದನು. ಕೂಸು ಬೆಚ್ಚಲಿಲ್ಲ. ಗಲ್ಲದಲ್ಲಿ ಗಾಳಿಯನ್ನು ತಡೆದು, ಸ್ವರ ಕಡಿಯದಂತೆ ಮೂಗಿನಿಂದ ಉಸಿರೆಳೆಯುವ ಆ ಸಣ್ಣ ಸದ್ದು ನನ್ನ ಕಿವಿಗೆ ಬಿದ್ದುದು ಅಂದೇ.

“ನನ್ನ ಲಗ್ನದಾಗ ಊದಿದವರು ನಿಮ್ಮ ತಂದೆಯವರಲ್ಲೇನು?” ಎಂದು ತಂಗಿ ಕೇಳಿದಳು.

“ಅಲ್ರೀ ಅವ್ವಾರ, ನಾನ.”

ಪಂಕ್ತಿಯಲ್ಲಿ ಅವನ ಪಕ್ಕದ ಎಲೆಗೆ ಹೋಗಿ ಕುಳಿತೆನು.