ಹಿನ್ನೀರಿನ ತಳದಲ್ಲಿ ಸೈಕಲ್ ಹೊಡೆದ ನಾಲ್ಕು ದಿನ

ತಾಳಗುಪ್ಪದಿಂದ ಮುಂದೆ ರೈಲು ಹಳಿ ಇಲ್ಲ. ಸೈಕಲ್ ಜೊತೆ ಪ್ರಯಾಣ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸ್ಟೇಷನ್ ಸಿಗಲಾರದು. ನಡುವಿನ ಸ್ಟೇಷನ್ನಿನಲ್ಲಾದರೆ ರೈಲು ನಿಲ್ಲುವ ಒಂದೆರಡು ನಿಮಿಷದಲ್ಲಿ ಲಗೇಜ್ ಡಬ್ಬಿಯ ಹತ್ತಿರ ಓಡಬೇಕು, ಬಾಗಿಲು ತೆಗೆಸಬೇಕು, ಗೋಣಿಚೀಲ ಸುತ್ತಿದ ಸೈಕಲ್ಲನ್ನು ಯಾರದೋ ಬೈಕಿನ ಅಡಿಯಿಂದ ಎಳೆದುಕೊಳ್ಳಬೇಕು. ಇಲ್ಲಿ ಆ ಗಡಿಬಿಡಿ ಇಲ್ಲ. 2024ರ ಮೇ ತಿಂಗಳ ಒಂದು ಬೆಳಿಗ್ಗೆ ನಾವು ಆರಾಮಾಗಿ ಇಳಿದು, ಪ್ಲಾಟ್‌ಫಾರ್ಮಿನಲ್ಲೇ ಹ್ಯಾಂಡಲ್ ಬಿಗಿ ಮಾಡಿ, ಟಯರಿಗೆ ಗಾಳಿ ಹೊಡೆದು, ಟೀ ಕುಡಿದು ಹೊರಟೆವು.

ನಾವು ಅಂದರೆ ನಾನು ಮತ್ತು ನಾಯ್ಕ. ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಒಂದೇ ರೂಮು. ಇಬ್ಬರೂ ಓದಿದ್ದು ಮೆಕ್ಯಾನಿಕಲ್, ಈಗ ಮಾಡ್ತಿರೋದು ಸಾಫ್ಟ್‌ವೇರ್. ಇಂಜಿನಿಯರಿಂಗ್ ಕಾಲೇಜು ನಮಗೆ ಕಲಿಸಿದ್ದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುತ್ತಿರುವುದು ಸೈಕಲ್ ಬಿಚ್ಚಿ ಜೋಡಿಸುವುದೊಂದೇ ಅಂತ ಅವನ ಅಭಿಪ್ರಾಯ.

ಈ ತಿರುಗಾಟಕ್ಕೆ ಕಾರಣ ಅವನ ಅಜ್ಜಿ. ಅವರು ಮದುವೆಯಾಗಿ ಬಂದ ಊರು ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದಕ್ಕೂ ಮುಂಚೆಯೇ ಇವರನ್ನೆಲ್ಲ ಪಾತ್ರೆ ಪಗಡೆ, ದನಕರು ಸಮೇತ ಲಾರಿ ಹತ್ತಿಸಿ, ಶಿವಮೊಗ್ಗ ಕಡೆಯ ಕಾಡೊಂದರಲ್ಲಿ ಇಳಿಸಿ ಹೋದರಂತೆ. "ನಮ್ಮನೆ ಮುಳುಗ್ಸಿ ಊರಿಗೆಲ್ಲ ಕರೆಂಟ್ ಕೊಟ್ರು. ನಮಗೆ ಕರೆಂಟ್ ಬಂದಿದ್ದು ನಿಮ್ಮಪ್ಪನ ಮದುವೆ ವರ್ಷ" ಅಂತ ಅಜ್ಜಿ ನಗುತ್ತಲೇ ಹೇಳುತ್ತಾರೆ. ಆ ಮಾತನ್ನು ನಾನೇ ಹತ್ತು ಸಲ ಕೇಳಿದ್ದೇನೆ.

2023ರಲ್ಲಿ ಮಳೆ ಕೈಕೊಟ್ಟಿತ್ತಲ್ಲ, ಮರುವರ್ಷದ ಬೇಸಿಗೆಗೆ ಹಿನ್ನೀರು ತುಂಬಾ ಕೆಳಗೆ ಹೋಯಿತು. ಮುಳುಗಿದ ಜಾಗಗಳು ಮೇಲೆ ಬಂದಿವೆ ಎಂಬ ಸುದ್ದಿ ಕೇಳಿ ನಾಯ್ಕ ಅಜ್ಜಿಯ ಹತ್ತಿರ ಹೋಗಿ ಕೂತ. ಮನೆ ಗುರುತು ಹಿಡಿಯೋದು ಹೇಗೆ ಅಂತ ಕೇಳಿದ.

"ಮನೆ ಎಲ್ಲಿರ್ತದೆ ತಮಾ? ಮಣ್ಣಿನ ಗೋಡೆ, ಕರಗಿ ಹೋಗಿರ್ತದೆ. ಬಾವಿ ನೋಡು. ಕಟ್ಟೆ ಕಲ್ಲಿನ ಮೇಲೆ ಕೊಡ ಇಡೋಕೆ ಎರಡು ಗುಳಿ ಕಡೆಸಿದ್ರು ನಿಮ್ಮಜ್ಜ. ಕಲ್ಲು ಎಲ್ಲಿಗೆ ಹೋಗ್ತದೆ?"

ಕಾರಿನಲ್ಲಿ ಹೋಗಬಹುದಿತ್ತು. ಆದರೆ ನೀರು ಇಳಿದ ಜಾಗಕ್ಕೆ ಕಾರು ಇಳಿಯುವುದಿಲ್ಲ, ನಡೆಯೋಣವೆಂದರೆ ದೂರ. ಅಗಲ ಟಯರಿನ ಸೈಕಲ್ ಸರಿ ಅನ್ನಿಸಿತು. ಜೊತೆಗೆ ನಾಲ್ಕು ದಿನ ಡಾಂಬರು ಬಿಟ್ಟು ಸುತ್ತುವ ಆಸೆ ನನಗೆ ಬಹಳ ದಿನದಿಂದ ಇತ್ತು. ಅಜ್ಜಿಯ ಬಾವಿ ಅವನ ಕಾರಣ, ಮಣ್ಣು ರಸ್ತೆ ನನ್ನ ಕಾರಣ.

ಮೊದಲ ದಿನದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸಾಗರದಲ್ಲಿ ತಿಂಡಿ ತಿಂದು, ಮುಖ್ಯ ರಸ್ತೆ ಬಿಟ್ಟು, ಆವಿನಹಳ್ಳಿ ಕಡೆಗೆ ಊರೊಳಗಿನ ದಾರಿಗಳಲ್ಲೇ ಹೋದೆವು. ಅಡಿಕೆ ತೋಟ, ಸೊಪ್ಪಿನಬೆಟ್ಟ, ಮತ್ತೆ ಅಡಿಕೆ ತೋಟ. ಕೆಂಪು ಧೂಳು ಮೂಗಿನೊಳಗೆಲ್ಲ ಸೇರಿತು. ಮಣ್ಣು ದಾರಿಯಲ್ಲಿ ಟಯರ್ ಗಾಳಿ ಸ್ವಲ್ಪ ಇಳಿಸಬೇಕು, ಇಲ್ಲದಿದ್ದರೆ ಪ್ರತಿ ಕಲ್ಲಿನ ಲೆಕ್ಕವೂ ಸೊಂಟಕ್ಕೆ ಗೊತ್ತಾಗುತ್ತದೆ. ಇದನ್ನು ಮಧ್ಯಾಹ್ನದ ಹೊತ್ತಿಗೆ ನೆನಪಿಸಿಕೊಂಡೆವು, ಅಷ್ಟರಲ್ಲಿ ಸೊಂಟಕ್ಕೆ ಗೊತ್ತಾಗಿಬಿಟ್ಟಿತ್ತು. ಸಂಜೆಗೆ ಹೊಳೆಬಾಗಿಲಿನ ಈಚೆ, ನಾಯ್ಕನಿಗೆ ಸಂಬಂಧದಲ್ಲಿ ಚಿಕ್ಕಪ್ಪ ಆಗಬೇಕಾದವರ ಮನೆ ಸೇರಿದೆವು. ಹೋದ ತಕ್ಷಣ ಬೆಲ್ಲ, ನೀರು. ರಾತ್ರಿ ಅಪ್ಪೆಹುಳಿ ಕುಡಿದು ಮಲಗಿದವರಿಗೆ ಬೆಳಗಾಗಿದ್ದೇ ಗೊತ್ತಾಗಲಿಲ್ಲ.

ಎರಡನೆಯ ದಿನ ಚಿಕ್ಕಪ್ಪನೇ ದಾರಿ ತೋರಿಸಲು ಸ್ವಲ್ಪ ದೂರ ಬಂದರು. ಒಂದೇ ಎಚ್ಚರಿಕೆ ಕೊಟ್ಟರು: "ಒಣಗಿ ಬಿರಿದಿರೋ ಕಡೆ ಹೋಗಿ. ಕಪ್ಪಗೆ ಹೊಳೀತಿರೋ ಕಡೆ ಕಾಲಿಡಬೇಡಿ. ದನ ಹೂತ್ಕೊಂಡ್ರೆ ಹಗ್ಗ ಹಾಕಿ ಎಳೀಬೌದು. ನಿಮ್ಮನ್ನ ಎಳೆಯೋರು ಯಾರು?"

ಕಾಡು ಮುಗಿದ ಕಡೆ ಹಿನ್ನೀರಿನ ಅಂಚು ಶುರುವಾಗುತ್ತದೆ. ಮಳೆಗಾಲ ಮುಗಿದಾಗ ನೀರು ನಿಲ್ಲುವ ಗೆರೆ ಮರಗಳ ಬುಡದಲ್ಲಿ ನೇರವಾಗಿ ಕಾಣುತ್ತದೆ, ಸ್ಕೇಲಿಟ್ಟು ಎಳೆದ ಹಾಗೆ. ಅದರ ಕೆಳಗೆ ಒಂದು ಗಿಡವಿಲ್ಲ. ಅಲ್ಲಿಂದ ಇಳಿಯುತ್ತಾ ಹೋದರೆ ಮೊದಲು ಕೆಂಪು ಮಣ್ಣು, ಆಮೇಲೆ ಹಸಿರು ಹುಲ್ಲು, ಹುಲ್ಲಿನಲ್ಲಿ ಮೇಯುವ ದನ, ಆಮೇಲೆ ಬಿರುಕು ಬಿಟ್ಟ ಬೂದು ಬಣ್ಣದ ಹೂಳು. ಅಲ್ಲಲ್ಲಿ ಕಡಿದ ಮರಗಳ ಬುಡಗಳು, ಕಪ್ಪಗೆ, ಕಲ್ಲಿನಷ್ಟು ಗಟ್ಟಿ. ಅರವತ್ತು ವರ್ಷ ನೀರಲ್ಲಿದ್ದೂ ಕೊಳೆತಿಲ್ಲ.

ಸೈಕಲ್ ಹೊಡೆಯಲು ಅದು ಅದ್ಭುತ ಜಾಗ ಎಂದು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಆದರೆ ನಿಜ. ಮೈಲಿಗಟ್ಟಲೆ ಬಯಲು, ಗಟ್ಟಿ ನೆಲ, ಎದುರು ವಾಹನ ಇಲ್ಲ. ಫೋನಿನಲ್ಲಿ ಮ್ಯಾಪ್ ತೆಗೆದರೆ ಸುತ್ತಲೂ ಬರೀ ನೀಲಿ, ಅದರ ಮಧ್ಯೆ ನಮ್ಮ ಚುಕ್ಕೆ. ಬೆಂಗಳೂರಿಗೆ ಬಂದ ಮೇಲೆ ಆಫೀಸಿನವರೊಬ್ಬರು ನನ್ನ ಸೈಕಲ್ ಆ್ಯಪಿನ ರೆಕಾರ್ಡ್ ನೋಡಿ, "ನಿನ್ನ ಜಿಪಿಎಸ್ ಕೆಟ್ಟಿದೆ ಕಣೋ, ನೀರಲ್ಲಿ ಸೈಕಲ್ ಹೊಡೆದಿದ್ದೀಯ" ಅಂದರು.

ಸ್ವಲ್ಪ ಮುಂದೆ ಹಳೆಯ ರಸ್ತೆ ಸಿಕ್ಕಿತು. ಎರಡೂ ಬದಿ ಜಂಬಿಟ್ಟಿಗೆ ಕಲ್ಲು ಕೂರಿಸಿದ, ಗಾಡಿಗಳು ಓಡಾಡುತ್ತಿದ್ದ ರಸ್ತೆ. ಅದರ ಮೇಲೆ ಇಳಿಯುವಾಗ ಬ್ರೇಕ್ ಹಿಡಿಯುವ ಅಗತ್ಯವೇ ಬೀಳಲಿಲ್ಲ, ಇಳಿಜಾರು ಅಷ್ಟು ಹದವಾಗಿತ್ತು. ಎತ್ತುಗಳಿಗೆ ಕಷ್ಟವಾಗಬಾರದೆಂದು ಯಾರೋ ಯೋಚಿಸಿ ಮಾಡಿದ ಇಳಿಜಾರು. ಅದು ಒಂದು ತಿರುವು ತೆಗೆದುಕೊಂಡು, ಇನ್ನೂ ಗಟ್ಟಿಯಾಗಿರುವ ಮೋರಿಯೊಂದನ್ನು ದಾಟಿ, ನೇರ ನೀರಿಗೆ ಇಳಿಯಿತು. ನಾವು ಅಂಚಿನಲ್ಲಿ ನಿಂತೆವು. ಎದುರಿನ ದಡದಲ್ಲಿ ಅದೇ ರಸ್ತೆ ಮೇಲೆದ್ದು ಹೋಗುವುದು ಸಣ್ಣ ಗೆರೆಯಂತೆ ಕಾಣಿಸುತ್ತಿತ್ತು.

ದೂರದಲ್ಲಿ ಮಡೆನೂರು ಅಣೆಕಟ್ಟಿನ ಮೇಲ್ಭಾಗ ತಲೆ ಎತ್ತಿತ್ತು. ಹಿರೇಭಾಸ್ಕರ ಎಂದೂ ಅದಕ್ಕೆ ಹೆಸರು. ಜೋಗದಲ್ಲಿ 1948ರಲ್ಲಿ ಶುರುವಾದ, ಈಗ ಮಹಾತ್ಮ ಗಾಂಧಿ ಹೆಸರಿರುವ ವಿದ್ಯುದಾಗಾರಕ್ಕೆ ನೀರು ಒದಗಿಸಲು ಕಟ್ಟಿದ್ದು. ಲಿಂಗನಮಕ್ಕಿ ಬಂದ ಮೇಲೆ ಆ ಅಣೆಕಟ್ಟೂ ಮುಳುಗಿತು. ಅಂದರೆ ಅಲ್ಲಿ ಊರುಗಳ ಜೊತೆ ಒಂದು ಅಣೆಕಟ್ಟನ್ನೂ ಮುಳುಗಿಸಿದ್ದಾರೆ. ಫೋಟೊ ತೆಗೆಯಲು ಬಂದ ಜನ ಅಲ್ಲಿ ಸಾಕಷ್ಟಿದ್ದರು. ನಾಯ್ಕನಿಗೆ ಅದರ ಕಡೆ ಗಮನವೇ ಇರಲಿಲ್ಲ.

ಬಾವಿ ಹುಡುಕಿದ್ದು ಎರಡೂವರೆ ಗಂಟೆ. ಅಜ್ಜಿ ಹೇಳಿದ ಗುಡ್ಡದ ಆಕಾರ, ರಸ್ತೆಯ ತಿರುವು, ಇವೆರಡೇ ಆಧಾರ. ಮನೆಗಳ ತಳಪಾಯ ತುಂಬ ಸಿಕ್ಕವು. ಒಂದು ಕಡೆ ಒರಳುಕಲ್ಲು ಇದ್ದ ಜಾಗದಲ್ಲೇ ಇತ್ತು, ಗುಂಡುಕಲ್ಲು ಮಾತ್ರ ಇರಲಿಲ್ಲ. ಅದನ್ನು ಲಾರಿಗೆ ಹಾಕಿಕೊಂಡು ಹೋಗಿರಬೇಕು ಅಂತ ನಾಯ್ಕ ಅಂದ. ಕೊನೆಗೆ ಹೂಳು ತುಂಬಿದ ಒಂದು ಬಾವಿ ಸಿಕ್ಕಿತು. ಕಟ್ಟೆಯ ಚಪ್ಪಡಿ ಮುರಿದಿತ್ತು. ಉಳಿದ ತುಂಡಿನ ಮೇಲೆ ಒಂದು ಗುಳಿ.

"ಇದೇ" ಅಂದ.

"ಎರಡು ಅಂದಿದ್ರಲ್ಲ ಅಜ್ಜಿ?"

"ಇನ್ನೊಂದು ಮುರಿದ ತುಂಡಲ್ಲಿರುತ್ತೆ."

ಇರಬಹುದು. ಇಲ್ಲದೆಯೂ ಇರಬಹುದು. ಅಲ್ಲಿಂದ ಕೆಳಗೆ, ನೀರಿನ ಹತ್ತಿರ, ಇನ್ನೊಂದು ಕಲ್ಲಿನ ಗುಪ್ಪೆ ಕಾಣುತ್ತಿತ್ತು. ಅವನು ಸೈಕಲ್ ಮಲಗಿಸಿ ಆ ಕಡೆ ನಡೆದ. ಮಣ್ಣು ಬೂದು ಬಣ್ಣದಿಂದ ಕಪ್ಪಿಗೆ ತಿರುಗುವ ಕಡೆ ಒಂದು ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಕಾಲು ಬಂತು, ಶೂ ಬರಲಿಲ್ಲ. ಕೈ ಹಾಕಿ ಶೂ ಕಿತ್ತುಕೊಂಡು ಮತ್ತೆ ಮುಂದಕ್ಕೆ ಹೆಜ್ಜೆ ಇಡಲು ನೋಡಿದ. ಬಿಸಿಲು ತಲೆ ಮೇಲಿತ್ತು, ನೀರಿನ ಬಾಟಲಿ ಖಾಲಿಯಾಗಿತ್ತು, ಲಾಂಚ್ ಹಿಡಿಯಬೇಕಿತ್ತು. ನಾನು ಕೂಗಿದೆ, "ಸಾಕು ಬಾರೋ, ಇದೇ ಇರುತ್ತೆ ಬಾ." ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ವಾಪಸ್ ಬಂದ. ಮುರಿದ ಚಪ್ಪಡಿಯ ಫೋಟೊ ತೆಗೆದುಕೊಂಡೆವು.

ಹೊಳೆಬಾಗಿಲಿನ ಲಾಂಚಿನಲ್ಲಿ ಸಿಗಂದೂರಿಗೆ ಹೋಗುವ ಭಕ್ತರು, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಶಾಲೆ ಮಕ್ಕಳು. ಪಕ್ಕದಲ್ಲೇ ಹೊಸ ಸೇತುವೆಯ ಕಂಬಗಳು ಎತ್ತರಕ್ಕೆ ನಿಂತಿದ್ದವು. ಒಬ್ಬ ಅಮ್ಮ ನಮ್ಮ ಮಣ್ಣು ಮೆತ್ತಿದ ಕಾಲು, ಸೈಕಲ್ ಎರಡನ್ನೂ ನೋಡಿ, "ಬಸ್ಸಿಗೆ ದುಡ್ಡಿಲ್ವಾ ತಮಾ?" ಅಂತ ಕೇಳಿದರು. ನೀರು ದಾಟಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಆ ರಾತ್ರಿ ತುಮರಿಯಲ್ಲಿ ಉಳಿದೆವು.

ವಾಪಸ್ ಬರುವಾಗ ಲಾಂಚ್ ಬೇಡ, ಭೂಮಿಯ ಮೇಲೆಯೇ ಸುತ್ತಿಬರೋಣ ಅಂತ ಮೊದಲೇ ತೀರ್ಮಾನಿಸಿದ್ದೆವು. ತುಮರಿಯಿಂದ ಕರೂರು ಹೋಬಳಿಯ ಒಳದಾರಿಗಳು, ಅಲ್ಲಿಂದ ಕೋಗಾರು, ಭಟ್ಕಳ ರಸ್ತೆ ಹಿಡಿದು ಕಾರ್ಗಲ್, ಜೋಗ, ತಾಳಗುಪ್ಪ. ಎಂಬತ್ತು ಕಿಲೋಮೀಟರಿಗೂ ಮೇಲೆ. ಸುತ್ತ ಅಭಯಾರಣ್ಯ ಇರುವುದರಿಂದ ಊರಿನ ರಸ್ತೆ ಬಿಟ್ಟು ಕಾಡಿನ ಜಾಡಿಗೆ ಇಳಿಯಲಿಲ್ಲ. ಹೋಗುವವರಿದ್ದರೆ ನೀವೂ ಇಳಿಯಬೇಡಿ.

ಮೂರನೆಯ ದಿನ ಹನ್ನೊಂದು ಗಂಟೆಗೆ, ಒಣಗಿದ ಹಳ್ಳವೊಂದನ್ನು ದಾಟುವಾಗ ನಾಯ್ಕನ ಹಿಂದಿನ ಚಕ್ರಕ್ಕೆ ಕೋಲೊಂದು ಸಿಕ್ಕಿ ಟಕ್ ಅಂತ ಸದ್ದಾಯಿತು. ಗೇರ್ ಬದಲಿಸುವ ಡಿರೇಲರನ್ನು ಹಿಡಿದುಕೊಳ್ಳುವ ಹ್ಯಾಂಗರ್ ಎಂಬ ಸಣ್ಣ ಅಲ್ಯೂಮಿನಿಯಂ ತುಂಡು ಮುರಿದಿತ್ತು. ಫ್ರೇಮ್ ಮುರಿಯಬಾರದೆಂದು ತಾನು ಮುರಿಯುವುದೇ ಅದರ ಕೆಲಸ. ಸ್ಪೇರ್ ತಂದಿದ್ದೆವು. ಆದರೆ ನನ್ನ ಸೈಕಲ್ಲಿನದು. ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರದ ಹ್ಯಾಂಗರ್ ಎಂಬುದು ಗೊತ್ತಿದ್ದೂ, "ನೀನು ನಿಂದು ತಂದಿರ್ತೀಯ ಅಂದ್ಕೊಂಡೆ", "ನೀನು ಎರಡೂ ತಂದಿರ್ತೀಯ ಅಂದ್ಕೊಂಡೆ" ಅಂತ ಹತ್ತು ನಿಮಿಷ ಜಗಳ. ಆಮೇಲೆ ಡಿರೇಲರ್ ಕಳಚಿ ಬ್ಯಾಗಿಗೆ ಹಾಕಿ, ಚೈನ್ ಕತ್ತರಿಸಿ ಗಿಡ್ಡ ಮಾಡಿ, ಒಂದೇ ಗೇರಿನ ಸೈಕಲ್ ಮಾಡಿದೆವು. ಅಪ್ಪನ ಕಾಲದ ಅಟ್ಲಾಸ್ ಸೈಕಲ್ ಹಾಗೆ. ಸಮತಟ್ಟಿನಲ್ಲಿ ಓಡುತ್ತದೆ, ಏರಿನಲ್ಲಿ ತಳ್ಳಬೇಕು. ಮಲೆನಾಡಿನಲ್ಲಿ ಸಮತಟ್ಟು ಎಲ್ಲಿದೆ?

ಮೂರು ಗಂಟೆಗೆ ಗುಡುಗು ಶುರುವಾಗಿ ಮಳೆ ಸುರಿಯಿತು. ಬೆಳಿಗ್ಗೆ ಧೂಳಾಗಿದ್ದ ಮಣ್ಣು ಅರ್ಧ ಗಂಟೆಯಲ್ಲಿ ಅಂಟಾಯಿತು. ಟಯರಿಗೂ ಫ್ರೇಮಿಗೂ ನಡುವೆ ಕಿಕ್ಕಿರಿದು ಚಕ್ರವೇ ತಿರುಗದಾಯಿತು. ಹತ್ತು ಹೆಜ್ಜೆಗೊಮ್ಮೆ ಕೋಲಿನಲ್ಲಿ ಕೆರೆಯುವುದು, ಮತ್ತೆ ತಳ್ಳುವುದು. ಕತ್ತಲಾಗುವ ಹೊತ್ತಿಗೆ ಒಂದು ಒಂಟಿ ಮನೆಯ ಅಂಗಳಕ್ಕೆ ಬಂದೆವು. ಯಜಮಾನರು ಯಾರು, ಏನು ಅಂತ ಕೇಳುವ ಮೊದಲೇ, "ಬಚ್ಚಲಲ್ಲಿ ಬಿಸಿನೀರಿದೆ, ಮಿಂದು ಬನ್ನಿ" ಅಂದರು.

ಊಟದ ನಂತರ ನಾವು ಆ ದಿನ ಬಂದ ದಾರಿಯ ಬಗ್ಗೆ ದೊಡ್ಡದಾಗಿ ಹೇಳಿಕೊಂಡೆವು. ಅವರು ಕೇಳಿಸಿಕೊಂಡು, ತಮ್ಮ ಹೆಂಡತಿಗೆ ಎರಡನೇ ಹೆರಿಗೆ ನೋವು ಬಂದಾಗ ರಾತ್ರಿ ಲಾಂಚ್ ಇಲ್ಲದೆ, ಜೀಪಿನಲ್ಲಿ ಇದೇ ದಾರಿಯಲ್ಲಿ ಸುತ್ತಿಕೊಂಡು ಸಾಗರಕ್ಕೆ ಹೋದದ್ದನ್ನು ಹೇಳಿದರು. ಮಗು ಹುಟ್ಟಿದ್ದು ಕಾರ್ಗಲ್ ಹತ್ತಿರ, ಜೀಪಿನಲ್ಲೇ. ಆ ಮಗು ಅಂದರೆ ನಮಗೆ ಅನ್ನ ಬಡಿಸಿದ ಹುಡುಗಿ. ಅವಳು ನಗುತ್ತಾ ಒಳಗೆ ಹೋದಳು. ನಾವು ಆಮೇಲೆ ದಾರಿಯ ವಿಷಯ ಎತ್ತಲಿಲ್ಲ.

ನಾಲ್ಕನೆಯ ದಿನ ಬಿಸಿಲು ಬಂತು, ಡಾಂಬರೂ ಬಂತು. ಜೋಗದಲ್ಲಿ ನೀರಿರಲಿಲ್ಲ, ಕಲ್ಲು ಮಾತ್ರ ಇತ್ತು. ರಾತ್ರಿ ರೈಲಿಗೆ ತಾಳಗುಪ್ಪ.

ಮುಂದಿನ ಶನಿವಾರ ಅಜ್ಜಿಯ ಮನೆಗೆ ಇಬ್ಬರೂ ಹೋದೆವು. ನಾಯ್ಕ ಫೋನ್ ಕೊಟ್ಟ. ಅಜ್ಜಿ ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಹತ್ತಿರ ತಂದು ನೋಡಿದರು.

"ಇದು ನಮ್ಮದಲ್ಲ. ಮೇಲಿನ ಮನೆಯವರದ್ದು. ಇದರ ನೀರು ಚಪ್ಪೆ, ನಾವು ಕುಡಿಯೋಕೆ ತರ್ತಿರ್ಲಿಲ್ಲ. ನಮ್ಮದು ಇಲ್ಲಿಂದ ಕೆಳಗೆ. ಒಂದು ನೂರು ಮಾರು ಇದ್ದೀತು."

ನಾಯ್ಕ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಅಜ್ಜಿ ಮಾತ್ರ ಇನ್ನೊಂದು ಸಲ ಫೋಟೊ ನೋಡಿ, ಆ ಮೇಲಿನ ಮನೆಯವರ ಮಕ್ಕಳು ಈಗ ಎಲ್ಲೆಲ್ಲಿದ್ದಾರೆ ಅಂತ ಹೇಳಲು ಶುರು ಮಾಡಿದರು. ಅದು ರಾತ್ರಿ ಊಟದವರೆಗೂ ನಡೆಯಿತು.

ಮರುವರ್ಷ ಬೇಸಿಗೆಯಲ್ಲಿ ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದರೆ ಆ ಜಾಗ ನೀರಲ್ಲೇ ಇತ್ತು. 2025ರ ಜುಲೈನಲ್ಲಿ ಸೇತುವೆಯೂ ಶುರುವಾಯಿತು. ಈಗ ಆ ಅಗಲವನ್ನು ಕಾರಿನಲ್ಲಿ ಕೆಲವೇ ನಿಮಿಷದಲ್ಲಿ ದಾಟಬಹುದು. ನಮ್ಮ ಅಂಗಳದ ಹುಡುಗಿಯ ಮನೆಯವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿದರೆ ಸಂತೋಷವಾಗುತ್ತದೆ.

ಅಜ್ಜಿಗೆ ಈಗ ಎಂಬತ್ತಾರು. ಪೇಪರಿನಲ್ಲಿ ಜಲಾಶಯಗಳ ಮಟ್ಟ ಕೊಡುತ್ತಾರಲ್ಲ, ನಾಯ್ಕ ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. ಲಿಂಗನಮಕ್ಕಿ, ಪೂರ್ಣ ಮಟ್ಟ 1819 ಅಡಿ. ಎಲ್ಲರೂ ಎಷ್ಟು ಏರಿದೆ ಅಂತ ನೋಡಿದರೆ ಇವನು ಎಷ್ಟು ಇಳಿದಿದೆ ಅಂತ ನೋಡುತ್ತಾನೆ. ಬರಗಾಲ ಬರಲಿ ಅಂದ ಹಾಗಾಗುತ್ತದಲ್ಲ ಅಂತ ಅವನಿಗೇ ನಾಚಿಕೆ, ಅದಕ್ಕೆ ಯಾರ ಹತ್ತಿರವೂ ಹೇಳುವುದಿಲ್ಲ. ನಾನೂ ನೋಡುತ್ತೇನೆ. ಅವನಿಗೆ ಹೇಳಿಲ್ಲ.